ಬೆರೆಯುತ್ತಲೇ ಬೇರೆಯಾಗುವುದು: ಒಂದು ಹಣ್ಣಿನ ನೊಣದ ಪ್ರಕರಣ ಅಧ್ಯಯನ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸೇಬಿನ ಮರಗಳೂ ಹಾಥಾರ್ನ್ ಮರಗಳೂ ಒಟ್ಟಿಗೆ ಬೆಳೆದ ಒಂದು ಜಾಗ. ಎರಡೂ ಮರಗಳ ಹಣ್ಣು ಬಿಡಿಸಿದರೆ ಒಳಗೆ ಒಂದೇ ಬಗೆಯ ಬಿಳಿ ಹುಳು. ಅದು ನೊಣವಾದ ಮೇಲೆ ಯಾವ ಮರದ್ದೆಂದು ಬರಿಗಣ್ಣಿಗೆ ಗೊತ್ತಾಗದು. ಸೇಬಿನ ಗಂಡನ್ನೂ ಹಾಥಾರ್ನ್ ಹೆಣ್ಣನ್ನೂ ಪಂಜರದಲ್ಲಿ ಬಿಟ್ಟರೆ ಕೂಡುತ್ತವೆ. ಮರಿಗಳು ಗಟ್ಟಿಮುಟ್ಟಾಗಿ ಬೆಳೆದು, ಮುಂದೆ ತಾವೂ ಮರಿ ಮಾಡುತ್ತವೆ. ಹಾರಿದರೆ ಒಂದು ಮರದಿಂದ ಇನ್ನೊಂದಕ್ಕೆ ಕ್ಷಣದ ದಾರಿ. ಆದರೂ ಜೀನ್‌ಗಳ ಲೆಕ್ಕ ತೆಗೆದರೆ ಇವು ಎರಡು ಬಣ, ಮತ್ತು ವರ್ಷ ವರ್ಷವೂ ಎರಡಾಗಿಯೇ ಉಳಿಯುತ್ತಿವೆ.

ಜೀನ್ ಹರಿವು, ಅಂದರೆ ಬೆರಕೆಯ ಮೂಲಕ ಒಂದು ಗುಂಪಿನ ಜೀನ್‌ಗಳು ಇನ್ನೊಂದಕ್ಕೆ ಸಾಗುವುದು, ನಿಲ್ಲದೆಯೂ ಒಂದು ಪ್ರಭೇದ ಎರಡಾಗಬಲ್ಲದೇ ಎಂಬ ಪ್ರಶ್ನೆಗೆ ಇಷ್ಟು ವಿವರವಾಗಿ ಕೆದಕಿದ ಪ್ರಕರಣಗಳು ಕಡಿಮೆ. ಕೆಲಸ ಮಾಡಿದ ಸಂಶೋಧಕರ, ಪ್ರಯೋಗಾಲಯಗಳ ಹೆಸರುಗಳನ್ನು ಇಲ್ಲಿ ಬಿಟ್ಟಿದೆ. ಎಲ್ಲಿ ಯಾವ ನಿರ್ಧಾರವಾಯಿತು, ಯಾವ ಫಲಿತಾಂಶ ದಾರಿ ತಿರುಗಿಸಿತು ಎಂಬುದಷ್ಟೇ ಇಲ್ಲಿನ ವಿಷಯ.

ಹಿನ್ನೆಲೆ

ನೊಣದ ಹೆಸರು ರಾಗೋಲೆಟಿಸ್ ಪೊಮೊನೆಲ್ಲ. ಅರ್ಧ ಸೆಂಟಿಮೀಟರ್ ಉದ್ದ, ರೆಕ್ಕೆಯ ಮೇಲೆ ಕಪ್ಪು ಪಟ್ಟೆ. ಇದರ ಮೂಲ ಮನೆ ಹಾಥಾರ್ನ್ ಮರದ ಪುಟ್ಟ ಕೆಂಪು ಹಣ್ಣು. ಸೇಬು ಆ ನೆಲದ್ದಲ್ಲ, 17ನೇ ಶತಮಾನದಲ್ಲಿ ಯುರೋಪಿನ ವಲಸಿಗರು ತಂದು ನೆಟ್ಟದ್ದು. ಅದಾಗಿ ಇನ್ನೂರು ವರ್ಷದವರೆಗೆ ಸೇಬಿನಲ್ಲಿ ಈ ಹುಳು ಬಿದ್ದ ದಾಖಲೆಯಿಲ್ಲ. 19ನೇ ಶತಮಾನದ ಮಧ್ಯದಲ್ಲಿ ಹಡ್ಸನ್ ನದಿಯ ಕಣಿವೆಯಿಂದ ಮೊದಲ ದೂರು ಬಂತು. ಡಾರ್ವಿನ್ ಜೊತೆ ಪತ್ರವ್ಯವಹಾರವಿದ್ದ ಕೀಟತಜ್ಞ ಬೆಂಜಮಿನ್ ವಾಲ್ಶ್ 1860ರ ದಶಕದಲ್ಲೇ ಇದನ್ನು ಗಮನಿಸಿ, ಕೀಟ ತಾನು ತಿನ್ನುವ ಗಿಡ ಬದಲಿಸಿದರೆ ಅದೇ ಹೊಸ ಪ್ರಭೇದದ ಮೊದಲ ಮೆಟ್ಟಿಲಾಗಬಹುದು ಎಂದು ವಾದಿಸಿದರು.

ಆ ವಾದ ಬಹುಕಾಲ ಮೂಲೆಗುಂಪಾಗಿತ್ತು. 20ನೇ ಶತಮಾನದ ನಡುವಿನಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮಾಯರ್ ಮುಂದಿಟ್ಟ ನಿಲುವೇ ಬಲವಾಗಿತ್ತು: ಬೆಟ್ಟವೋ ಕಡಲೋ ನಡುವೆ ಬಂದು ಎರಡು ಗುಂಪುಗಳ ಬೆರಕೆ ನಿಂತರೆ ಮಾತ್ರ ಹೊಸ ಪ್ರಭೇದ. ಈ ನಿಲುವಿನ ಹಿಂದೆ ಗಟ್ಟಿ ತರ್ಕವಿತ್ತು. ಅದನ್ನು ಮೂಢನಂಬಿಕೆಯಂತೆ ತಳ್ಳಿಹಾಕುವ ಬರಹಗಳು ಈಗಲೂ ಕಾಣುತ್ತವೆ, ಅದು ಸರಿಯಲ್ಲ.

ನೊಣದ ವರ್ಷಚಕ್ರ ಗೊತ್ತಿಲ್ಲದೆ ಮುಂದಿನದು ಅರ್ಥವಾಗದು. ವರ್ಷಕ್ಕೆ ಒಂದೇ ತಲೆಮಾರು. ಬೇಸಿಗೆಯಲ್ಲಿ ಮಣ್ಣಿನಿಂದ ಎದ್ದ ನೊಣ ಬಲಿಯಲು ಒಂದು ವಾರದ ಮೇಲೆ ಬೇಕು. ಆಮೇಲೆ ಅದು ಹಣ್ಣು ಹುಡುಕುತ್ತದೆ. ಗಂಡು ಹಣ್ಣಿನ ಮೇಲೆ ಕಾದು ಕೂರುತ್ತದೆ, ಕೂಡುವುದೂ ಅಲ್ಲೇ ಅಥವಾ ಅದರ ಆಸುಪಾಸಿನಲ್ಲೇ. ಹೆಣ್ಣು ಸಿಪ್ಪೆ ಚುಚ್ಚಿ ಒಂದು ಮೊಟ್ಟೆ ಇಟ್ಟು, ಚುಚ್ಚಿದ ಅಂಗವನ್ನು ಹಣ್ಣಿನ ಮೇಲೆ ಎಳೆದಾಡುತ್ತದೆ. ಹಾಗೆ ಬಿಟ್ಟ ರಾಸಾಯನಿಕ ಗುರುತನ್ನು ಮೂಸಿದ ಇನ್ನೊಂದು ಹೆಣ್ಣು ಸಾಮಾನ್ಯವಾಗಿ ಆ ಹಣ್ಣು ಬಿಟ್ಟು ಹೋಗುತ್ತದೆ. ಹುಳು ತಿರುಳಿನಲ್ಲಿ ಸುರಂಗ ಕೊರೆಯುತ್ತಾ ಬೆಳೆಯುತ್ತದೆ, ಹಣ್ಣು ಉದುರುತ್ತದೆ, ಹುಳು ಹೊರಬಂದು ಕೆಲವು ಸೆಂಟಿಮೀಟರ್ ಆಳದ ಮಣ್ಣಿನಲ್ಲಿ ಕೋಶ (ಪ್ಯೂಪ) ಕಟ್ಟಿಕೊಂಡು ಚಳಿಗಾಲವಿಡೀ ಸುಪ್ತಾವಸ್ಥೆಯಲ್ಲಿ ಕಳೆಯುತ್ತದೆ. ನೊಣವಾಗಿ ಬದುಕುವುದು ಹೆಚ್ಚೆಂದರೆ ಒಂದು ತಿಂಗಳು.

ಸೇಬು ಹಣ್ಣಾಗುವುದು ಹಾಥಾರ್ನ್‌ಗಿಂತ ಮೂರು ನಾಲ್ಕು ವಾರ ಮೊದಲು. ಮುಂದಿನ ಎಲ್ಲದರ ಬೇರು ಇಲ್ಲಿದೆ.

ಸಮಸ್ಯೆ: ಲೆಕ್ಕ ಕೂಡಿಬರುವುದಿಲ್ಲ

ಎರಡು ಬಣಗಳ ನಡುವೆ ತಲೆಮಾರಿಗೆ ನೂರಕ್ಕೆ ಐದು ನೊಣ ಆಚೀಚೆ ಹೋಗುತ್ತವೆ ಎಂದುಕೊಳ್ಳಿ. ಕಡಿಮೆ ಎನಿಸುತ್ತದೆ. ಆದರೆ ಎರಡೂ ಕಡೆಯಿಂದ ಶೇ. 5 ವಲಸೆ ನಡೆದರೆ, ಯಾವುದೇ ಜೀನ್ ರೂಪದ ಪ್ರಮಾಣದಲ್ಲಿರುವ ವ್ಯತ್ಯಾಸ ಪ್ರತಿ ತಲೆಮಾರಿಗೂ ಹತ್ತರಲ್ಲಿ ಒಂದು ಪಾಲು ಕರಗುತ್ತದೆ. 10 ತಲೆಮಾರಿಗೆ ಉಳಿಯುವುದು ಮೂರನೇ ಒಂದರಷ್ಟು, 22 ತಲೆಮಾರಿಗೆ ಹತ್ತನೇ ಒಂದು, 44ಕ್ಕೆ ನೂರನೇ ಒಂದು. ವರ್ಷಕ್ಕೊಂದೇ ತಲೆಮಾರಾದ್ದರಿಂದ, ಸೇಬಿಗೆ ಜಿಗಿದ ಮೇಲೆ ಒಂದೂಕಾಲು ಶತಮಾನ ಕಳೆಯುವಷ್ಟರಲ್ಲಿ ವ್ಯತ್ಯಾಸದ ಲಕ್ಷದಲ್ಲೊಂದು ಪಾಲೂ ಉಳಿಯಬಾರದು.

ಇದನ್ನು ಎದುರಿಸಬಲ್ಲದ್ದು ನಿಸರ್ಗದ ಆಯ್ಕೆ ಮಾತ್ರ. ಒಂದು ಜೀನ್ ರೂಪ ತನ್ನದಲ್ಲದ ಮರದಲ್ಲಿ ಅನುಭವಿಸುವ ನಷ್ಟ ವಲಸೆಯ ಪ್ರಮಾಣಕ್ಕಿಂತ ಹೆಚ್ಚಿದ್ದರೆ, ಸ್ಥೂಲವಾಗಿ ಹೇಳುವುದಾದರೆ, ವ್ಯತ್ಯಾಸ ನಿಲ್ಲುತ್ತದೆ. ಒಂದು ಜೀನ್‌ಗೆ ಇದು ಕಷ್ಟವಲ್ಲ. ಕಷ್ಟ ಬರುವುದು ಎರಡನೆಯ ಜೀನ್ ಬಂದಾಗ. ಹೊಸ ಪ್ರಭೇದವಾಗಲು ‘ಸೇಬಿನ ಕಾಲಕ್ಕೆ ಹೊಂದುವ’ ಜೀನ್ ಮತ್ತು ‘ಸೇಬನ್ನೇ ಹುಡುಕುವ’ ಜೀನ್ ಒಂದೇ ಮೈಯಲ್ಲಿ ಜೊತೆಯಾಗಿರಬೇಕು. ಬೆರಕೆ ನಡೆದಾಗಲೆಲ್ಲ ಮರುಸಂಯೋಜನೆ, ಅಂದರೆ ತಂದೆ ತಾಯಿಯ ಜೀನ್‌ಗಳು ಮುಂದಿನ ತಲೆಮಾರಿಗೆ ಹೊಸದಾಗಿ ಕಲಸಿ ಹೋಗುವುದು, ಆ ಜೊತೆಯನ್ನು ಬಿಡಿಸುತ್ತದೆ: ಬೇರೆ ಬೇರೆ ವರ್ಣತಂತುಗಳ ಮೇಲಿರುವ ಜೀನ್‌ಗಳ ನಂಟು ತಲೆಮಾರಿಗೆ ಅರ್ಧಕ್ಕರ್ಧ ಕಳಚುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಆಯ್ಕೆ ಕಟ್ಟಿದ್ದನ್ನು ಮರುಸಂಯೋಜನೆ ಕೆಡವುತ್ತದೆ. 1981ರಲ್ಲಿ ತಳಿವಿಜ್ಞಾನಿ ಜೋಸೆಫ್ ಫೆಲ್ಸೆನ್‌ಸ್ಟೀನ್ ಇದನ್ನು ಗಣಿತದಲ್ಲಿ ಸ್ಪಷ್ಟವಾಗಿ ಇಟ್ಟರು. ಮಾಯರ್ ಪಕ್ಷದ ನಿಜವಾದ ಬಲ ಇದೇ.

ಮೊದಲ ಹೆಜ್ಜೆ: ಎರಡು ಬಣ ಇವೆಯೇ?

ಮರದ ಮೇಲೆ ಹಾರುತ್ತಿರುವ ನೊಣಗಳನ್ನು ಬಲೆಯಲ್ಲಿ ಹಿಡಿದು ಜೀನ್ ನೋಡುವುದು ಸುಲಭದ ದಾರಿ, ತಪ್ಪು ದಾರಿ ಕೂಡ. ಸೇಬಿನ ಮರದಲ್ಲಿ ಸಿಕ್ಕ ನೊಣ ಹಾಥಾರ್ನ್‌ನಲ್ಲಿ ಹುಟ್ಟಿದ್ದಿರಬಹುದು. ಬಲಿಯದ ನೊಣಗಳಂತೂ ಕಂಡಲ್ಲಿ ಕೂರುತ್ತವೆ. ಆದ್ದರಿಂದ ಹಣ್ಣಿನಿಂದಲೇ ಶುರುಮಾಡಿದರು. ಉದುರಿದ ಹಣ್ಣನ್ನು ತಂತಿ ಬಲೆಯ ತಟ್ಟೆಯಲ್ಲಿ ಹರಡಿ, ಕೆಳಗೆ ಪ್ಲಾಸ್ಟಿಕ್ ಟ್ರೇ ಇಡುವುದು. ಹಣ್ಣು ಬಿಟ್ಟ ಹುಳು ಬಲೆಯ ಕಣ್ಣಿನಿಂದ ಟ್ರೇಗೆ ಬಿದ್ದು ಕೋಶ ಕಟ್ಟುತ್ತದೆ. ಕೋಶಗಳನ್ನು ಆಗಿಂದಾಗ್ಗೆ ಆಯ್ದು, ದಿನಾಂಕ ಬರೆದು, ತೇವದ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜ) ತುಂಬಿದ ಡಬ್ಬಿಗೆ ಹಾಕುವುದು. ಈ ದಿನಾಂಕ ತಪ್ಪಿದರೆ ಮುಂದಿನ ಪ್ರಯೋಗವೆಲ್ಲ ದಂಡ, ಯಾಕೆಂದರೆ ಚಳಿಗೆ ಮುನ್ನ ಕೋಶ ಎಷ್ಟು ದಿನ ಬೆಚ್ಚಗಿತ್ತು ಎಂಬುದೇ ಇಲ್ಲಿ ಅಳೆಯುವ ವಸ್ತು.

ಎರಡನೆಯ ಎಚ್ಚರ ಜಾಗದ್ದು. ಈ ನೊಣಗಳ ಹಲವು ಜೀನ್‌ಗಳ ಪ್ರಮಾಣ ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ತಾನೇ ಬದಲಾಗುತ್ತದೆ. ಉತ್ತರದ ಸೇಬನ್ನು ದಕ್ಷಿಣದ ಹಾಥಾರ್ನ್ ಜೊತೆ ಹೋಲಿಸಿದರೆ ಕಾಣುವುದು ಹವಾಮಾನದ ವ್ಯತ್ಯಾಸ, ಮರದ್ದಲ್ಲ. ಹಾಗಾಗಿ ಪ್ರತಿ ಜಾಗದಲ್ಲೂ ಅಕ್ಕಪಕ್ಕದ ಎರಡು ಮರಗಳಿಂದ ಜೋಡಿ ಮಾದರಿ ತೆಗೆಯುವುದು ನಿಯಮವಾಯಿತು.

1988ರಲ್ಲಿ ಪ್ರಕಟವಾದ, ಕಿಣ್ವಗಳ ರೂಪಭೇದದಿಂದ ಜೀನ್ ವ್ಯತ್ಯಾಸ ಗುರುತಿಸುವ ಅಧ್ಯಯನಗಳು ಪ್ರಕರಣದ ಮೊದಲ ತಿರುವು. ಆರು ಕಿಣ್ವ ಜೀನ್‌ಗಳಲ್ಲಿ ಎರಡು ಬಣಗಳ ನಡುವೆ ವ್ಯತ್ಯಾಸ ಸಿಕ್ಕಿತು. ಆ ಆರೂ ಮೂರು ವರ್ಣತಂತುಗಳ ಕೆಲವು ಭಾಗಗಳಲ್ಲೇ ಗುಂಪಾಗಿದ್ದವು. ಗಮನಿಸಬೇಕಾದ್ದು, ಒಂದು ಬಣದಲ್ಲಿ ಪೂರ್ತಿ ಇದ್ದು ಇನ್ನೊಂದರಲ್ಲಿ ಪೂರ್ತಿ ಇಲ್ಲದ ರೂಪ ಒಂದೂ ಇರಲಿಲ್ಲ. ಎಲ್ಲವೂ ಹೆಚ್ಚು–ಕಡಿಮೆಯ ಮಾತು. ಒಂದೇ ನೊಣವನ್ನು ಕೈಗೆ ಕೊಟ್ಟು ಯಾವ ಬಣ ಎಂದರೆ ಹೇಳಲಾಗದು. ನೂರು ಕೊಟ್ಟರೆ ಹೇಳಬಹುದು.

ಸೋರಿಕೆ ಎಷ್ಟು?

ಇಲ್ಲಿ ಒಂದು ನಿರ್ಧಾರ ಪ್ರಕರಣವನ್ನು ಉಳಿಸಿತು. ಜೀನ್‌ಗಳ ವ್ಯತ್ಯಾಸದಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ‘ವಲಸೆ ಇಷ್ಟಿರಬೇಕು’ ಎನ್ನುವುದು ರೂಢಿ. ಹಾಗೆ ಮಾಡಿದ್ದರೆ ಆಯ್ಕೆಯ ಪರಿಣಾಮವನ್ನೇ ಕಡಿಮೆ ವಲಸೆ ಎಂದು ಓದುವ ಅಪಾಯವಿತ್ತು. ಅದರ ಬದಲು ನೊಣಗಳಿಗೆ ಗುರುತು ಹಾಕಿ ಬಿಟ್ಟು, ಯಾವ ಮರದಲ್ಲಿ ಮತ್ತೆ ಸಿಗುತ್ತವೆ ಎಂದು ಬಯಲಲ್ಲೇ ನೋಡಿದರು. ಬಹುಪಾಲು ನೊಣಗಳು ತಾವು ಹುಟ್ಟಿದ ಬಗೆಯ ಹಣ್ಣಿಗೇ ಮರಳಿದವು. ಇದರ ಜೊತೆಗೆ ಎರಡು ಬಣ ಮಣ್ಣಿನಿಂದ ಏಳುವ ಕಾಲದ ಅಂತರವನ್ನೂ ಸೇರಿಸಿದರೆ — ಸೇಬಿನವು ಸರಾಸರಿ ಹತ್ತು ದಿನ ಮೊದಲು ಏಳುತ್ತವೆ — ಬಣಗಳ ನಡುವಿನ ಬೆರಕೆ ತಲೆಮಾರಿಗೆ ಸುಮಾರು ಶೇ. 4ರಿಂದ 6.

ಹಣ್ಣಿನ ಆಯ್ಕೆಯೇ ಸಂಗಾತಿಯ ಆಯ್ಕೆಯಾಗಿಬಿಡುವುದರಿಂದ ಗೋಡೆ ಇಷ್ಟು ಎತ್ತರಕ್ಕೆ ಏರಿದೆ. ಕೂಡುವ ಜಾಗ ಹಣ್ಣೇ ಆದ್ದರಿಂದ, ಸೇಬಿಗೆ ಬಂದ ಗಂಡಿಗೆ ಸೇಬಿಗೆ ಬಂದ ಹೆಣ್ಣೇ ಸಿಗುವುದು. ಮೇಲೆ ಹೇಳಿದ ಮರುಸಂಯೋಜನೆಯ ತೊಡಕಿನ ಅರ್ಧ ಭಾಗ ಇಲ್ಲಿಗೇ ಇಳಿಯಿತು. ಆದರೂ ಶೇ. 5 ಸೋರಿಕೆ ಸೋರಿಕೆಯೇ. ಲೆಕ್ಕದ ಪ್ರಕಾರ ವ್ಯತ್ಯಾಸ ಕರಗಬೇಕಿತ್ತು, ಕರಗಿಲ್ಲ. ಹಾಗಾದರೆ ಆಯ್ಕೆ ಎಲ್ಲೋ ಬಲವಾಗಿ ಕೆಲಸ ಮಾಡುತ್ತಿದೆ. ಎಲ್ಲಿ?

ಉತ್ತರ ಮಣ್ಣಿನಲ್ಲಿತ್ತು

ಸಹಜವಾದ ಊಹೆ ಹಣ್ಣಿನ ತಿರುಳಿನ ಮೇಲೆ ಹೋಗುತ್ತದೆ: ಸೇಬಿನ ಹುಳು ಸೇಬಿನಲ್ಲಿ, ಹಾಥಾರ್ನ್ ಹುಳು ಹಾಥಾರ್ನ್‌ನಲ್ಲಿ ಚೆನ್ನಾಗಿ ಬೆಳೆಯಬೇಕು. ಆದರೆ ಹುಡುಕಿದಾಗ, ತನ್ನ ಹಣ್ಣಿನಲ್ಲಿ ಮೇಲು, ಇನ್ನೊಂದರಲ್ಲಿ ಕೀಳು ಎಂಬ ಸ್ಪಷ್ಟ ಚಿತ್ರ ಸಿಗಲಿಲ್ಲ. ನೋಟ ಹಣ್ಣಿನ ಒಳಗಿನಿಂದ ಕೆಳಗಿನ ಮಣ್ಣಿಗೆ ಇಳಿದಾಗ ಪ್ರಕರಣ ತಿರುಗಿತು.

ಸೇಬು ಮೊದಲೇ ಹಣ್ಣಾಗಿ ಉದುರಿದರೆ ಹುಳುವೂ ಮೊದಲೇ ಮಣ್ಣು ಸೇರುತ್ತದೆ. ಮೇಲೆ ಇನ್ನೂ ಬೇಸಿಗೆಯ ಬಿಸಿ. ಕೋಶದಲ್ಲಿರುವ ಜೀವಿಯ ಸುಪ್ತಾವಸ್ಥೆ ಆಳವಾಗಿಲ್ಲದಿದ್ದರೆ ಅದು ಆ ಬಿಸಿಯನ್ನೇ ವಸಂತವೆಂದು ಬಗೆದು ಬೆಳೆಯತೊಡಗುತ್ತದೆ. ಶರತ್ಕಾಲದಲ್ಲಿ ನೊಣವಾಗಿ ಎದ್ದರೆ ಹಣ್ಣಿಲ್ಲ. ಏಳದೆ ಅರ್ಧ ಬೆಳೆದು ನಿಂತರೆ ಚಳಿ ಕೊಲ್ಲುತ್ತದೆ. ಏನೂ ಆಗದಿದ್ದರೂ ಬಿಸಿಯಲ್ಲಿ ಉಸಿರಾಟ ಜೋರಾಗಿ, ಕೂಡಿಟ್ಟ ಕೊಬ್ಬು ಚಳಿಗಾಲಕ್ಕೆ ಮೊದಲೇ ಸವೆಯುತ್ತದೆ. ಹಾಥಾರ್ನ್ ಹುಳುವಿಗೆ ಈ ಕಷ್ಟವಿಲ್ಲ. ಅದು ಮಣ್ಣಿಗೆ ಇಳಿಯುವ ಹೊತ್ತಿಗೆ ಚಳಿ ಬಾಗಿಲಲ್ಲೇ ಇರುತ್ತದೆ.

ಇದನ್ನು ಪರೀಕ್ಷಿಸಿದ ಪ್ರಯೋಗ ಸರಳ, ಆದರೆ ಜಾಣತನದ್ದು. ಸೇಬಿನ ನೊಣವನ್ನು ಮುಟ್ಟಲೇ ಇಲ್ಲ. ಹಾಥಾರ್ನ್ ಕೋಶಗಳನ್ನು ಎರಡು ಪಾಲು ಮಾಡಿ, ಒಂದನ್ನು ಚಳಿಗೆ ಮುನ್ನ 7 ದಿನ, ಇನ್ನೊಂದನ್ನು 32 ದಿನ, 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರು. 7 ದಿನ ಹಾಥಾರ್ನ್ ಬದುಕಿನ ನಕಲು, 32 ದಿನ ಸೇಬಿನದು. ಆಮೇಲೆ ಎರಡನ್ನೂ ತಿಂಗಳುಗಟ್ಟಲೆ 4 ಡಿಗ್ರಿ ಚಳಿಯಲ್ಲಿಟ್ಟು, ಬೆಚ್ಚಗಾಗಿಸಿ, ಬದುಕುಳಿದವುಗಳ ಜೀನ್ ನೋಡಿದರು. 32 ದಿನದ ಪಾಲಿನಲ್ಲಿ ಉಳಿದ ಹಾಥಾರ್ನ್ ನೊಣಗಳ ಜೀನ್ ಪ್ರಮಾಣ ಸೇಬಿನ ಬಣದ ಕಡೆಗೆ ವಾಲಿತ್ತು. ಒಂದೇ ತಲೆಮಾರಿನಲ್ಲಿ, ಬರೀ ಬಿಸಿಯ ದಿನಗಳನ್ನು ಹೆಚ್ಚಿಸಿದ್ದಕ್ಕೆ. 1990ರ ದಶಕದಲ್ಲಿ ಕಿಣ್ವಗಳಲ್ಲಿ ಕಂಡದ್ದನ್ನು 2015ರಲ್ಲಿ ಜೀನೋಮಿನ (ಜೀವಿಯ ಪೂರ್ತಿ ಡಿಎನ್‌ಎಯ) ಸಾವಿರಾರು ಗುರುತುಗಳಲ್ಲಿ ಮತ್ತೆ ನೋಡಿದಾಗಲೂ ಅದೇ ದಿಕ್ಕು.

ಒಂದು ವಿಚಿತ್ರ ಇಲ್ಲಿದೆ, ಅವಸರದ ಓದಿನಲ್ಲಿ ತಪ್ಪಿಹೋಗುವಂಥದ್ದು. ಸೇಬಿನ ನೊಣ ಚಳಿಗೆ ಮುನ್ನ ಗಾಢವಾಗಿ ಮಲಗಬೇಕು, ಚಳಿ ಕಳೆದ ಮೇಲೆ ಬೇಗ ಏಳಲೂ ಬೇಕು. ಗಾಢ ನಿದ್ದೆಯವನು ತಡವಾಗಿ ಏಳುತ್ತಾನೆ ಎಂಬ ನಮ್ಮ ಅಂದಾಜು ಇಲ್ಲಿ ನಡೆಯದು. ಮಲಗುವ ಆಳವನ್ನೂ ಏಳುವ ಹೊತ್ತನ್ನೂ ನಡೆಸುವ ಜೀನ್ ಗುಂಪುಗಳು ಬಹುಮಟ್ಟಿಗೆ ಬೇರೆ ಬೇರೆ. ಪ್ರಯೋಗ ಮಾಡುವವರು ‘ಸುಪ್ತಾವಸ್ಥೆ’ ಎಂದು ಒಂದೇ ಅಂಕಣ ಹಾಕಿಕೊಂಡರೆ ಎರಡು ಆಯ್ಕೆಗಳು ಒಂದನ್ನೊಂದು ಅಳಿಸಿ ಏನೂ ಇಲ್ಲವೆಂಬಂತೆ ಕಾಣಬಹುದು.

ವಾಸನೆ, ಮತ್ತು ದಾರಿ ತಪ್ಪುವ ಮಿಶ್ರಸಂತಾನ

ಸೇಬಿನ ವಾಸನೆಯ ತಿರುಳು ಬ್ಯುಟೈಲ್ ಹೆಕ್ಸನೋಯೇಟ್ ಮತ್ತು ಅದರ ಸೋದರ ಎಸ್ಟರ್‌ಗಳು. ಹಾಥಾರ್ನ್ ವಾಸನೆಯಲ್ಲಿ 3-ಮೀಥೈಲ್-1-ಬ್ಯುಟನಾಲ್ ಪ್ರಧಾನ. ಗಾಳಿ ಸುರಂಗದ ಒಂದು ತುದಿಯಲ್ಲಿ ಕೆಂಪು ಗೋಳ, ಅದರ ಬಳಿ ವಾಸನೆಯ ಮಿಶ್ರಣ, ಇನ್ನೊಂದು ತುದಿಯಲ್ಲಿ ನೊಣ. ಗಾಳಿಗೆದುರಾಗಿ ಹಾರಿ ಗೋಳ ಮುಟ್ಟಿದರೆ ಲೆಕ್ಕ. ನೊಣ ಬಲಿತಿರಬೇಕು, ಇಲ್ಲದಿದ್ದರೆ ಯಾವ ವಾಸನೆಗೂ ಅಲುಗದು. 2003ರಲ್ಲಿ ಹೊರಬಂದ ಫಲಿತಾಂಶ: ಪ್ರತಿ ಬಣವೂ ತನ್ನ ಹಣ್ಣಿನ ಮಿಶ್ರಣಕ್ಕೆ ಹಾರುತ್ತದೆ. ಅಷ್ಟೇ ಅಲ್ಲ, ತನ್ನ ಮಿಶ್ರಣಕ್ಕೇ ಎದುರು ಹಣ್ಣಿನ ಮುಖ್ಯ ವಾಸನೆ ಬೆರೆಸಿದರೆ ಹಿಂದೆ ಸರಿಯುತ್ತದೆ ಎಂಬುದೂ ಆಮೇಲೆ ಗೊತ್ತಾಯಿತು.

ಮೊದಲ ತಲೆಮಾರಿನ ಮಿಶ್ರಸಂತಾನದ ಪಾಡು ಇನ್ನೂ ವಿಶೇಷ. ಆರೋಗ್ಯವಾಗಿವೆ, ಮರಿ ಮಾಡಬಲ್ಲವು. ಆದರೆ ತಂದೆ ತಾಯಿ ಹಾರಿಬರುವ ಪ್ರಮಾಣದ ವಾಸನೆ ಇಟ್ಟರೆ ಹೆಚ್ಚಿನವು ಸೇಬಿನ ಕಡೆಗೂ ಇಲ್ಲ, ಹಾಥಾರ್ನ್ ಕಡೆಗೂ ಇಲ್ಲ. ಪ್ರಮಾಣ ಏರಿಸಿದರೆ ಕೆಲವು ಹಾರುತ್ತವೆ. ಪಂಜರದಲ್ಲಿ ಕಾಣದ ಈ ಕೊರತೆ ಬಯಲಲ್ಲಿ ದುಬಾರಿ. ಹಣ್ಣು ಹುಡುಕಲಾರದ ನೊಣಕ್ಕೆ ಸಂಗಾತಿಯೂ ಇಲ್ಲ, ಮೊಟ್ಟೆಗೆ ಜಾಗವೂ ಇಲ್ಲ. ಮಿಶ್ರಸಂತಾನ ಬಂಜೆಯಲ್ಲ ಎಂದು ಪ್ರಯೋಗಾಲಯದಲ್ಲಿ ಬರೆದುಕೊಂಡು ‘ತಡೆ ಇಲ್ಲ’ ಎಂದು ಷರಾ ಹಾಕುವವರಿಗೆ ಇದು ಎಚ್ಚರಿಕೆ.

ಮುಜುಗರದ ತಿರುವು

ಅಲ್ಲಿಯವರೆಗೆ ಪ್ರಕರಣವನ್ನು ಒಂದೇ ಜಾಗದಲ್ಲಿ, ಯಾವ ಬೆಟ್ಟದ ಅಡ್ಡವೂ ಇಲ್ಲದೆ ನಡೆದ ಪ್ರಭೇದೋತ್ಪತ್ತಿಯ ಮಾದರಿ ಎಂದು ತೋರಿಸಲಾಗುತ್ತಿತ್ತು. 2003ರಲ್ಲೇ ಬಂದ ಇನ್ನೊಂದು ಅಧ್ಯಯನ ಅದಕ್ಕೆ ಅಡ್ಡ ಬಂತು. ವ್ಯತ್ಯಾಸವಿರುವ ವರ್ಣತಂತು ಭಾಗಗಳು ತಲೆಕೆಳಗಾಗಿ ಜೋಡಣೆಯಾದ ತುಂಡುಗಳಾಗಿದ್ದವು. ಇಂಥ ತಿರುವಿದ ತುಂಡುಗಳ ಒಳಗೆ ಮರುಸಂಯೋಜನೆ ಹೆಚ್ಚು ನಡೆಯದು, ಜೀನ್‌ಗಳು ಕಟ್ಟಾಗಿಯೇ ಸಾಗುತ್ತವೆ. ತೊಡಕಿನ ಇನ್ನರ್ಧ ಇಳಿದದ್ದು ಹೀಗೆ. ಆದರೆ ಆ ತುಂಡುಗಳ ವಯಸ್ಸು ನೋಡಿದರೆ ಸುಮಾರು 15 ಲಕ್ಷ ವರ್ಷ, ಮತ್ತು ಅವುಗಳ ಬೇರು ಮೆಕ್ಸಿಕೋದ ಎತ್ತರದ ಪ್ರದೇಶದ ನೊಣಗಳಲ್ಲಿ. ಅಲ್ಲಿ ದೂರವಿದ್ದು ಬೇರೆಯಾಗಿದ್ದ ನೊಣಗಳ ಜೀನ್‌ಗಳು ಹಿಂದೆಂದೋ ಉತ್ತರಕ್ಕೆ ಹರಿದು ಬಂದು, ಹಾಥಾರ್ನ್ ಬಣದಲ್ಲೇ ಸಂಗ್ರಹವಾಗಿ ಕೂತಿದ್ದವು. ಸೇಬು ಬಂದಾಗ ಹೊಸದೇನನ್ನೂ ಹುಟ್ಟಿಸಬೇಕಾಗಿರಲಿಲ್ಲ, ಉಗ್ರಾಣದಲ್ಲಿದ್ದುದನ್ನು ಆರಿಸಿಕೊಂಡರಾಯಿತು.

ನೂರೈವತ್ತು ತಲೆಮಾರಿನಲ್ಲಿ ಇಷ್ಟಾದದ್ದು ಹೇಗೆ ಎಂಬ ಪ್ರಶ್ನೆಗೆ ಇದೇ ಉತ್ತರ. ಮಾಯರ್ ಪಕ್ಷ ಗೆದ್ದಿತೋ ಸೋತಿತೋ ಎಂದರೆ, ಎರಡೂ ಹೌದು. ಬಣ ಒಡೆದದ್ದು ಸೋರಿಕೆಯ ನಡುವೆಯೇ. ಒಡೆಯಲು ಬೇಕಾದ ಸರಕಿನ ಒಂದು ಭಾಗ ಸಿದ್ಧವಾದದ್ದು ದೂರದಲ್ಲಿ, ತಲುಪಿದ್ದು ಮತ್ತೊಂದು ಜೀನ್ ಹರಿವಿನ ಮೂಲಕ. ಜೀನ್ ಹರಿವನ್ನು ಬರೀ ಶತ್ರುವಿನಂತೆ ಬರೆಯುವ ಪಠ್ಯಗಳು ಈ ಎರಡನೆಯ ಪಾತ್ರವನ್ನು ಮರೆಯುತ್ತವೆ.

2010ರ ಹೊತ್ತಿಗೆ ಇನ್ನೊಂದು ನಂಬಿಕೆಯೂ ಸಡಿಲಿತು. ಸೋರಿಕೆಯಿದ್ದಾಗ ವ್ಯತ್ಯಾಸ ಕೆಲವೇ ‘ದ್ವೀಪ’ಗಳಲ್ಲಿ ಉಳಿದು, ಮಿಕ್ಕ ಜೀನೋಮ್ ಒಂದಾಗಿಬಿಡುತ್ತದೆ ಎಂದುಕೊಂಡಿದ್ದರು. ಈ ನೊಣದಲ್ಲಿ ಆಯ್ಕೆಯ ಗುರುತು ಜೀನೋಮಿನ ಉದ್ದಗಲಕ್ಕೂ ಸಿಕ್ಕಿತು. ಸುಪ್ತಾವಸ್ಥೆಯಂಥ ಗುಣ ಹತ್ತಾರು ಕಡೆಯ ಜೀನ್‌ಗಳ ಕೆಲಸ ಎಂಬುದನ್ನು ನೆನೆದರೆ ಅಚ್ಚರಿಯಿಲ್ಲ.

ಬೇರೆ ಜೀವಿಗೆ ಒಯ್ಯುವಾಗ

ಈಗ ಯಾರೇ ಆಗಲಿ ಎರಡು ಗುಂಪಿನ ಜೀನೋಮ್ ಓದಿ, ವ್ಯತ್ಯಾಸದ ಏರಿಳಿತದ ನಕ್ಷೆ ಬರೆದು, ಎತ್ತರದ ಶಿಖರಗಳನ್ನು ‘ಪ್ರಭೇದ ಕಟ್ಟುವ ಜೀನ್’ ಎಂದು ಕರೆಯಬಹುದು. ಹೆಚ್ಚು ಕೆಡುವುದು ಇಲ್ಲೇ. ಮರುಸಂಯೋಜನೆ ಕಡಿಮೆ ಇರುವ ಭಾಗದಲ್ಲಿ, ಪ್ರತಿ ಗುಂಪಿನ ಒಳಗಿನ ವೈವಿಧ್ಯ ಬೇರೆ ಕಾರಣಕ್ಕೆ ಸವೆದಿದ್ದರೂ ಸಾಪೇಕ್ಷ ಅಳತೆ (ಗುಂಪಿನ ಒಳಗಿನ ವೈವಿಧ್ಯಕ್ಕೆ ಹೋಲಿಸಿ ವ್ಯತ್ಯಾಸ ಅಳೆಯುವುದು) ಶಿಖರ ತೋರಿಸುತ್ತದೆ. ಹಾಗಾಗಿ ಎರಡು ಗುಂಪುಗಳ ನಡುವಿನ ಡಿಎನ್‌ಎ ಅಕ್ಷರ ವ್ಯತ್ಯಾಸವನ್ನು ನೇರವಾಗಿ ಎಣಿಸುವ ಅಳತೆಯನ್ನೂ ಪಕ್ಕಕ್ಕಿಟ್ಟು ನೋಡಬೇಕು. ಹರಿವಿಗೆ ನಿಜವಾದ ತಡೆಯಾದ ಭಾಗ ಎರಡರಲ್ಲೂ ಎದ್ದು ಕಾಣಬೇಕು. ಬಣ ಒಡೆದದ್ದು ತೀರ ಈಚೆಗಾದರೆ ಈ ಎರಡನೆಯ ಅಳತೆಯೂ ಮೌನವಾಗಿರುತ್ತದೆ, ಹೊಸ ಅಕ್ಷರ ತಪ್ಪುಗಳು ಕೂಡಿಬರಲು ಕಾಲ ಸಾಲದು. ಎತ್ತರ ಕಂಡರೆ ಅದು ಹಳೆಯ ತುಂಡಿನ ವಯಸ್ಸಾಗಿರಬಹುದು, ಬಣದ ವಯಸ್ಸಲ್ಲ. ಆಗ 7 ದಿನ–32 ದಿನದಂಥ ಪ್ರಯೋಗಕ್ಕೆ ಬದಲಿಯಿಲ್ಲ.

ಇವು ಎರಡು ಪ್ರಭೇದವೇ ಎಂದು ಕೇಳಿದರೆ ತಜ್ಞರ ಉತ್ತರ ಅಡ್ಡಗೋಡೆಯ ಮೇಲಿನ ದೀಪ. ಹೆಸರು ಇನ್ನೂ ಒಂದೇ, ಕರೆಯುವುದು ‘ಆತಿಥೇಯ ಬಣ’ ಎಂದು. ಇದನ್ನು ಮುಗಿದ ಪ್ರಭೇದೋತ್ಪತ್ತಿ ಎಂದು ಬರೆಯುವುದು ಅತಿಯಾಯಿತು. ಸೋರಿಕೆ ನಿಂತಿಲ್ಲ, ನಿಲ್ಲಲೇಬೇಕೆಂಬ ನಿಯಮವೂ ಇಲ್ಲ.

ಒಂದು ಪ್ರಕರಣದ ತರ್ಕ ಸರಿಯೇ ಎಂದು ನೋಡಲು ಅದೇ ಮರದಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. ಈ ಹುಳುಗಳ ಮೈಯಲ್ಲಿ ಮೊಟ್ಟೆಯಿಟ್ಟು ಬದುಕುವ ಪುಟ್ಟ ಕಣಜಗಳಿವೆ. ಡಯಾಕಾಸ್ಮ ಅಲೋಯಿಯಂ ಎಂಬ ಕಣಜವನ್ನು ಹೀಗೇ ಅಳೆದಾಗ, ಅದರಲ್ಲೂ ಸೇಬಿನ ಬಣ, ಹಾಥಾರ್ನ್ ಬಣ ಸಿಕ್ಕವು. 2009ರಲ್ಲಿ ಅದು ವರದಿಯಾಯಿತು. ತನ್ನದಲ್ಲದ ಹಣ್ಣಿನ ವಾಸನೆಗೆ ಕಣಜವೂ ಹಿಂದೆ ಸರಿಯುತ್ತದೆ, ತನ್ನ ಹುಳು ಸಿಗುವ ಹೊತ್ತಿಗೆ ಸರಿಯಾಗಿ ಮಣ್ಣಿನಿಂದ ಏಳುತ್ತದೆ. 2015ರಲ್ಲಿ ಇನ್ನೂ ಎರಡು ಜಾತಿಯ ಕಣಜಗಳಲ್ಲಿ ಅದೇ ಒಡಕು ಕಂಡಿತು. ಅವುಗಳಲ್ಲಿ ಒಂದು ದಾಳಿಯಿಡುವುದು ಹುಳುವಿನ ಮೇಲಲ್ಲ, ಸಿಪ್ಪೆಯ ಕೆಳಗೆ ನೊಣ ಆಗಷ್ಟೇ ಇಟ್ಟುಹೋದ ಮೊಟ್ಟೆಯ ಮೇಲೆ.